ಮೇಗುಟಿ ಕಲ್ಲಿಗೆ ಉಳಿ ಬಿದ್ದಾಗ ಜಗತ್ತೇ ಮಗುಚುತ್ತಿತ್ತು!

ಒಂದು ಸವಾಲು. ಇವತ್ತಿನ ದಿನವನ್ನು ಯುದ್ಧದ ಲೆಕ್ಕದಲ್ಲಿ ಹೇಳಿ ನೋಡೋಣ!

ಇಸವಿ ಬೇಡ. ಪಂಚಾಂಗದ ಸಂವತ್ಸರವೂ ಬೇಡ. ಇಂಥ ಯುದ್ಧ ನಡೆದು ಇಷ್ಟು ವರ್ಷ ಕಳೆಯಿತು, ಅಷ್ಟೇ. ಹೇಳಲು ತಡವರಿಸುತ್ತೀರಿ ಅಲ್ಲವೇ? ಐಹೊಳೆಯಲ್ಲಿ ಒಬ್ಬ ಕವಿ ತಡವರಿಸಲೇ ಇಲ್ಲ! ಮಹಾಭಾರತ ಯುದ್ಧ ಕಳೆದು ಎಷ್ಟು ವರ್ಷವಾಯಿತೆಂದು ಎಣಿಸಿದ. ಆ ಸಂಖ್ಯೆಯನ್ನು ಪದ್ಯದೊಳಗೆ ಕೂರಿಸಿದ. ಪದ್ಯವನ್ನು ಗುಡಿಯ ಗೋಡೆಗೆ ಕೆತ್ತಿಸಿದ!

ಸಂಖ್ಯೆ ಎಷ್ಟು? ಈಗಲೇ ಹೇಳುವುದಿಲ್ಲ. ಮೊದಲು ಗುಡ್ಡ ಹತ್ತಿ ಬನ್ನಿ.

ಐಹೊಳೆಗೆ ಬಂದವರಲ್ಲಿ ಹೆಚ್ಚಿನವರು ದುರ್ಗಾ ಗುಡಿ, ಲಾಡಖಾನ್ ಗುಡಿ ನೋಡಿ, ಹುಲ್ಲುಹಾಸಿನ ಮೇಲೆ ಫೋಟೊ ತೆಗೆಸಿಕೊಂಡು, ಪಟ್ಟದಕಲ್ಲಿನ ದಾರಿ ಹಿಡಿದುಬಿಡುತ್ತಾರೆ. ಅಯ್ಯೋ, ತಲೆ ಎತ್ತಿ ನೋಡಿ! ಊರಿನ ನೆತ್ತಿಯ ಮೇಲೇ ಮೇಗುಟಿ ಗುಡ್ಡವಿದೆ. ಮೆಟ್ಟಿಲು ಹತ್ತುವಾಗ ನಡುವೆ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಮೇಲೆ ಕೋಟೆಗೋಡೆ. ಅದರೊಳಗೆ, ಗಾಳಿಗೆ ಮೈಯೊಡ್ಡಿ ನಿಂತ ಜೈನ ಬಸದಿ. ಶೃಂಗಾರವೆಂದರೆ ಅಷ್ಟಕ್ಕಷ್ಟೇ. ಕೆಳಗಿನ ಗುಡಿಗಳ ಮುಂದೆ ಇದು ಬಡಪಾಯಿ ಅನ್ನಿಸಬಹುದು.

ಪೂರ್ವದ ಹೊರಗೋಡೆಗೆ ಬನ್ನಿ. ಕಂಡಿತೇ?

ಒಂದು ಕಲ್ಲು. ಅದರ ಮೇಲೆ 19 ಸಾಲು. ಆ ಸಾಲುಗಳಲ್ಲಿ 37 ಪದ್ಯ! ಭಾಷೆ ಸಂಸ್ಕೃತ, ಅಕ್ಷರ ನಮ್ಮ ಹಳಗನ್ನಡ ಲಿಪಿ. ಬರೆದವನು ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿ; ಹಾಡಿದ್ದು ಆ ದೊರೆಯ ಗೆಲುವುಗಳನ್ನು. ಬಸದಿ ಕಟ್ಟಿಸಿದವನೂ ಅವನೇ. ಅವನಿಗೆ ಸಂಕೋಚ ಎಳ್ಳಷ್ಟೂ ಇಲ್ಲ. ಕಾಳಿದಾಸ, ಭಾರವಿಯರ ಕೀರ್ತಿ ತನಗೂ ಸಂದಿದೆ ಎಂದು ತಾನೇ ಸಾರಿಕೊಂಡಿದ್ದಾನೆ! ನಕ್ಕುಬಿಡಬೇಡಿ. ಆ ಇಬ್ಬರು ಕವಿಗಳು ಯಾವ ಕಾಲಕ್ಕಿಂತ ಈಚಿನವರಲ್ಲ ಎಂದು ಗೊತ್ತುಮಾಡಲು ವಿದ್ವಾಂಸರು ಓಡಿ ಬರುವುದು ಇದೇ ಕಲ್ಲಿನ ಹತ್ತಿರಕ್ಕೆ!

ಈಗ ಸಂಖ್ಯೆ. ಮೂವತ್ತು, ಮೂರು ಸಾವಿರ, ಏಳುನೂರು, ಐದು. ಹೀಗೆ ಬಿಡಿಬಿಡಿಯಾಗಿ ಪದ್ಯದಲ್ಲಿ ಚೆಲ್ಲಿದ್ದಾನೆ. ಕೂಡಿಸಿ. 3735! ಭಾರತ ಯುದ್ಧ ಕಳೆದು 3735 ವರ್ಷ. ಪಕ್ಕದಲ್ಲೇ ಶಕ ವರ್ಷ 556 ಎಂದೂ ಬರೆದಿದ್ದಾನೆ. ಅದರಿಂದಲೇ ನಮಗೆ ಇಸವಿ ಸಿಗುವುದು. ಕ್ರಿ.ಶ. 634!

ಈ 634 ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾಕೆಂದರೆ ರೋಚಕ ಭಾಗ ಇಲ್ಲಿಂದ ಶುರು. ರವಿಕೀರ್ತಿಯ ಕಲ್ಲುಕುಟಿಗ ಗುಡ್ಡದ ಮೇಲೆ ಉಳಿಗೆ ಸುತ್ತಿಗೆ ಹೊಡೆಯುತ್ತಿದ್ದಾಗ ಭೂಮಿಯ ಮೇಲಿನ ದೊಡ್ಡ ದೊಡ್ಡ ಸಾಮ್ರಾಜ್ಯಗಳೆಲ್ಲ ಒಂದರ ಮೇಲೊಂದು ಉರುಳುತ್ತಿದ್ದವು. ಕಾನ್‌ಸ್ಟಾಂಟಿನೋಪಲ್‌ನಿಂದ ಚೀನಾದವರೆಗೆ! ನಮ್ಮ ಪುಲಕೇಶಿ ಅದರ ನಟ್ಟನಡುವೆ ಇದ್ದ!

ಶಾಲೆಯಲ್ಲಿ ನಮಗೆ ಹೇಳಿದ್ದೇನು? ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ. ಐದು ಅಂಕ. ಮುಗಿಯಿತು. ಅರೆ! ಆಚೆ ಕಡೆ ಇಷ್ಟು ದೊಡ್ಡ ಜಗತ್ತು ಹೊತ್ತಿ ಉರಿಯುತ್ತಿತ್ತಲ್ಲ, ಅದನ್ನು ಯಾರೂ ಹೇಳಲೇ ಇಲ್ಲವಲ್ಲ!

ಹಿಂದಕ್ಕೆ ಹೋಗೋಣ. 610ರ ಆಸುಪಾಸು.

ಬಾದಾಮಿಯಲ್ಲಿ ಸಿಂಹಾಸನದ ಮೇಲೆ ಚಿಕ್ಕಪ್ಪ ಮಂಗಳೇಶ. ಅಣ್ಣನ ಮಗ ಬೆಳೆದು ನಿಂತಿದ್ದಾನೆ, ಆದರೆ ಪಟ್ಟ ತನ್ನ ಮಗನಿಗೇ ಆಗಬೇಕು ಎಂಬ ಹಟ. ಪುಲಕೇಶಿ ಮನೆ ಬಿಟ್ಟ, ಸೈನ್ಯ ಕಟ್ಟಿದ, ತಿರುಗಿಬಿದ್ದ. ಮಂಗಳೇಶ ಮೂರನ್ನು ಒಟ್ಟಿಗೆ ಕಳೆದುಕೊಂಡ ಎಂದು ಶಾಸನ ಕರಾರುವಾಕ್ಕಾಗಿ ಎಣಿಸುತ್ತದೆ: ಮಗನಿಗೆ ಪಟ್ಟ ಕಟ್ಟುವ ಆಸೆ, ರಾಜ್ಯ, ಪ್ರಾಣ!

ಸರಿ, ಈಗ ಊಹಿಸಿ. ಅದೇ 610ರಲ್ಲಿ ಇನ್ನೆಲ್ಲಿ ಸಿಂಹಾಸನ ಉರುಳಿತು?

ಕಾನ್‌ಸ್ಟಾಂಟಿನೋಪಲ್‌ನಲ್ಲಿ! ಅಲ್ಲಿ ಫೋಕಾಸ್ ಎಂಬ ಕೆಳದರ್ಜೆಯ ಸೇನಾಧಿಕಾರಿ 602ರಲ್ಲಿ ದಂಗೆ ಎಬ್ಬಿಸಿ, ಚಕ್ರವರ್ತಿ ಮೌರಿಸ್‌ನನ್ನೂ ಅವನ ಗಂಡುಮಕ್ಕಳನ್ನೂ ಕೊಲ್ಲಿಸಿ ಗದ್ದುಗೆ ಹಿಡಿದಿದ್ದ. ಎಂಟು ವರ್ಷ ರಕ್ತದ ಆಡಳಿತ. ಸರ್ವಾಧಿಕಾರಿ ಎಂದರೆ ಇವನೇ ಸರಿ. 610ರಲ್ಲಿ ಆಫ್ರಿಕದ ಕಾರ್ಥೇಜ್ ಕಡೆಯಿಂದ ಹೆರಾಕ್ಲಿಯಸ್ ಹಡಗುಗಳೊಂದಿಗೆ ಬಂದ. ಫೋಕಾಸ್‌ನ ತಲೆ ಉರುಳಿತು!

ಅಷ್ಟೇ ಅಲ್ಲ. ಮುಸ್ಲಿಂ ಪರಂಪರೆಯ ಪ್ರಕಾರ ಮೆಕ್ಕಾದ ಹಿರಾ ಗುಹೆಯಲ್ಲಿ ಪ್ರವಾದಿ ಮುಹಮ್ಮದರಿಗೆ ಮೊದಲ ದಿವ್ಯವಾಣಿ ಕೇಳಿಸಿದ್ದೂ 610ರಲ್ಲೇ!

ಬಾದಾಮಿ, ಕಾನ್‌ಸ್ಟಾಂಟಿನೋಪಲ್, ಮೆಕ್ಕಾ. ಆಗ ಯಾರಾದರೂ ಈ ಮೂರು ಊರಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ್ದರೆ ಹುಚ್ಚ ಅನ್ನುತ್ತಿದ್ದರು. ಮುಂದಿನ ಮೂವತ್ತು ವರ್ಷದಲ್ಲಿ ಮೂರೂ ಒಂದೇ ಕಥೆಯೊಳಗೆ ಬಂದವು!

ಇನ್ನೊಂದು ಪ್ರಶ್ನೆ. ನರ್ಮದೆಯ ದಡದಲ್ಲಿ ಹರ್ಷ ಹಿಮ್ಮೆಟ್ಟಿದ್ದು ಯಾವಾಗ?

ಬಹಳ ಕಾಲ ಇದಕ್ಕೆ ಉತ್ತರವೇ ಖಚಿತವಿರಲಿಲ್ಲ. ಕೆಲವರು 612 ಎಂದರು, ಕೆಲವರು 630 ದಾಟಿಸಿದರು. ಆಗ ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರ ಕೈಗೆ ಒಂದು ತಾಮ್ರಪಟ ಬಂತು. ಬಿಜಾಪುರ-ಮುಂಬೈ ತಾಮ್ರಪಟ ಎಂದು ಈಗ ಅದಕ್ಕೆ ಹೆಸರು. ಅದರ ದಿನಾಂಕ 619ರ ಏಪ್ರಿಲ್ 4. ಅದರಲ್ಲಿ ಹರ್ಷನ ಮೇಲಿನ ಗೆಲುವಿನ ಮಾತು ಆಗಲೇ ಇದೆ! ಅಂದರೆ ಯುದ್ಧ ನಡೆದದ್ದು ಅದಕ್ಕೂ ಮುಂಚೆ, ಬಹುಶಃ 618ರ ಚಳಿಗಾಲದಲ್ಲಿ.

618! ಈ ಇಸವಿ ಎಲ್ಲೋ ಕೇಳಿದ ಹಾಗಿದೆಯೇ?

ಚೀನಾ! ಅಲ್ಲಿ ಸುಯಿ ವಂಶದ ಯಾಂಗ್ ಎಂಬ ಚಕ್ರವರ್ತಿ ಜನರನ್ನು ಹಿಂಡಿ ಮಹಾ ಕಾಲುವೆ ತೋಡಿಸಿದ್ದ. 612ರಲ್ಲಿ ಕೊರಿಯಾದ ಮೇಲೆ ದಂಡೆತ್ತಿ ಹೋದ. ಎಷ್ಟು ಮಂದಿ ಸೈನಿಕರು? ಊಹಿಸಿ. ಒಂದು ಲಕ್ಷ? ಎರಡು? ಸುಯಿ ವಂಶದ ಚರಿತ್ರೆ ಕೊಡುವ ಸಂಖ್ಯೆ 11,33,800! ಹಿಗ್ಗಿಸಿ ಬರೆದಿರಬಹುದು, ಒಪ್ಪೋಣ. ಆದರೆ ಸೋಲು ಹಿಗ್ಗಿಸಿದ್ದಲ್ಲ. ರೈತರು ದಂಗೆ ಎದ್ದರು. ದಂಗೆಯ ಮೇಲೆ ದಂಗೆ. ಕೊನೆಗೆ 618ರಲ್ಲಿ ಅವನ ಕಾವಲುಪಡೆಯೇ ಅವನ ಕುತ್ತಿಗೆ ಬಿಗಿಯಿತು. ಅದೇ ವರ್ಷ ತಾಂಗ್ ವಂಶ ಹುಟ್ಟಿತು!

ಆ ತಾಂಗ್ ಚೀನಾದಿಂದಲೇ ಒಬ್ಬ ಸನ್ಯಾಸಿ ಹೊರಟ. ದೇಶ ಬಿಟ್ಟು ಹೋಗಕೂಡದು ಎಂಬ ಆಜ್ಞೆ ಇತ್ತು. ರಾತ್ರೋರಾತ್ರಿ ಗಡಿ ದಾಟಿದ. ಯಾರು? ಹ್ಯೂಯೆನ್ ತ್ಸಾಂಗ್! 641ರ ಹೊತ್ತಿಗೆ ಅವನು ಪುಲಕೇಶಿಯ ನಾಡಿನಲ್ಲಿದ್ದ. ಅವನು ಬರೆದಿಟ್ಟ ವಿವರ ಓದಿದರೆ ಮೈ ಜುಮ್ಮೆನ್ನುತ್ತದೆ. ಸೋತು ಬಂದ ಸೇನಾಪತಿಗೆ ಇಲ್ಲಿ ಶಿಕ್ಷೆಯೇ ಇಲ್ಲವಂತೆ! ಹೆಂಗಸರ ಉಡುಪು ಕೊಡುತ್ತಾರಂತೆ, ಅಷ್ಟೇ. ಮಾನಕ್ಕಂಜಿದವನು ತಾನೇ ಪ್ರಾಣ ಬಿಡುತ್ತಾನೆ. ಯುದ್ಧಕ್ಕೆ ಮುಂಚೆ ನೂರಾರು ಮಂದಿ ಕಟ್ಟಾಳುಗಳು ಮದ್ಯ ಕುಡಿದು ಮತ್ತರಾಗುತ್ತಾರೆ. ನಿಲ್ಲಿ, ಇನ್ನೂ ಇದೆ. ಆನೆಗಳಿಗೂ ಕುಡಿಸುತ್ತಾರೆ!

ಮತ್ತೇರಿದ ಆನೆಸಾಲು ಎದುರಿಗೆ ನುಗ್ಗಿ ಬರುವುದನ್ನು ಒಂದು ಕ್ಷಣ ಕಣ್ಣಿಗೆ ತಂದುಕೊಳ್ಳಿ. ಹರ್ಷ ಯಾಕೆ ಹಿಂದೆ ಸರಿದ ಎಂದು ಮತ್ತೆ ಕೇಳಬೇಕೇ?

ಈಗ ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ. ಇದು ಕಲ್ಲಿನ ಮೇಲಿಲ್ಲ. ಬಾಗ್ದಾದಿನಲ್ಲಿದ್ದ ಒಬ್ಬ ಚರಿತ್ರಕಾರನ ಹೊತ್ತಿಗೆಯಲ್ಲಿದೆ.

ಹೆರಾಕ್ಲಿಯಸ್‌ಗೆ ಎದುರಾಳಿ ಯಾರು ಗೊತ್ತೇ? ಪರ್ಷಿಯಾದ ಎರಡನೆಯ ಖುಸ್ರು. ತನ್ನನ್ನು ಹಿಂದೊಮ್ಮೆ ಸಿಂಹಾಸನಕ್ಕೇರಿಸಿದ್ದ ಮೌರಿಸ್‌ನನ್ನು ಫೋಕಾಸ್ ಕೊಂದನಲ್ಲ, ಅದೇ ನೆಪ. ಯುದ್ಧ ಶುರುವಾಯಿತು. ಎಷ್ಟು ವರ್ಷ ನಡೆಯಿತು? ಎರಡು ಮಹಾಯುದ್ಧಗಳ ಕಾಲವನ್ನು ಕೂಡಿಸಿದರೂ ಸಾಲದು. 26 ವರ್ಷ! 614ರಲ್ಲಿ ಜೆರುಸಲೇಮ್ ಪರ್ಷಿಯನ್ನರ ವಶ. ಕ್ರೈಸ್ತರು ಪೂಜಿಸುತ್ತಿದ್ದ ಶಿಲುಬೆಯನ್ನೇ ಹೊತ್ತೊಯ್ದರು. ಆಮೇಲೆ ಈಜಿಪ್ಟ್ ಹೋಯಿತು. 626ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೇ ಮುತ್ತಿಗೆ!

ಖುಸ್ರುವಿನ ವೈಭವ ನೆತ್ತಿಗೇರಿದ್ದ ಇದೇ ಕಾಲದಲ್ಲಿ, ಅವನ ಆಳ್ವಿಕೆಯ 36ನೆಯ ವರ್ಷ, ಭಾರತದ ಒಬ್ಬ ರಾಜನಿಂದ ರಾಯಭಾರ ಬಂತು ಎನ್ನುತ್ತಾನೆ ಚರಿತ್ರಕಾರ ತಬರಿ. ರಾಜನಿಗೆ ಉಡುಗೊರೆ. ರಾಜಕುಮಾರರಿಗೂ ಒಬ್ಬೊಬ್ಬರಿಗೆ ಬೇರೆ ಬೇರೆ ಉಡುಗೊರೆ, ಬೇರೆ ಬೇರೆ ಓಲೆ. ಶೀರೂಯಾ ಎಂಬ ಮಗನಿಗೆ ಏನೇನು ಬಂತು? ಒಂದು ಆನೆ. ಒಂದು ಖಡ್ಗ. ಒಂದು ಬಿಳಿ ಗಿಡುಗ. ಚಿನ್ನದ ಜರಿಯ ಒಂದು ಅಂಗಿ.

ಮತ್ತು ಒಂದು ಗುಟ್ಟಿನ ಓಲೆ!

ಓಲೆಯ ಮೇಲೆ ಭಾರತದ ಭಾಷೆಯಲ್ಲಿ ಇದನ್ನು ಗೋಪ್ಯವಾಗಿಡು ಎಂದು ಬರೆದಿತ್ತು. ಖುಸ್ರು ಬಿಡುತ್ತಾನೆಯೇ? ಭಾರತದ ಭಾಷೆ ಬಲ್ಲ ಲಿಪಿಕಾರನನ್ನು ಕರೆಸಿ ಮುದ್ರೆ ಒಡೆಸಿದ. ಒಳಗೇನಿತ್ತು? ಸಂತೋಷಪಡು, ನಿನ್ನ ತಂದೆಯ ಆಳ್ವಿಕೆಯ 38ನೆಯ ವರ್ಷ ನಿನಗೆ ಪಟ್ಟವಾಗುತ್ತದೆ ಎಂಬ ಭವಿಷ್ಯ! ತಿಂಗಳು, ದಿನದ ಸಮೇತ!

ಎಂಥ ತಂದೆಗೆ ನಿದ್ದೆ ಬಂದೀತು? ಆದರೂ ಖುಸ್ರು ಮಗನನ್ನು ಕೊಲ್ಲಿಸಲಿಲ್ಲ. ಓಲೆಯನ್ನು ತನ್ನ ಪ್ರೀತಿಯ ರಾಣಿ ಶೀರಿನ್ ಕೈಗೆ ಕೊಟ್ಟು ಜೋಪಾನ ಮಾಡಿಸಿದ.

ಮುಂದೇನಾಯಿತು? 627ರ ಡಿಸೆಂಬರ್‌ನಲ್ಲಿ ನಿನೆವೆಯ ಬಳಿ ಹೆರಾಕ್ಲಿಯಸ್ ಪರ್ಷಿಯನ್ ಸೇನೆಯನ್ನು ಮುರಿದ. ರಾಜಧಾನಿಯಲ್ಲಿ ಸರದಾರರು ದಂಗೆ ಎದ್ದರು. 628ರ ಫೆಬ್ರವರಿಯಲ್ಲಿ ಖುಸ್ರುವನ್ನು ಸೆರೆಗೆ ತಳ್ಳಿ, ಕೊಂದು, ಗದ್ದುಗೆ ಏರಿದವನು ಯಾರು?

ಶೀರೂಯಾ! ಆಳ್ವಿಕೆಯ 38ನೆಯ ವರ್ಷ!

ಓಲೆ ಕಳಿಸಿದ ಭಾರತದ ರಾಜ ಯಾರು? ತಬರಿಯ ಅರಬ್ಬಿ ಬರಹದಲ್ಲಿ ಹೆಸರು ಗುರುತು ಸಿಗದಷ್ಟು ಸವೆದಿದೆ. ಅದು ಪುಲಕೇಶಿಯೇ ಎಂದು ಗುರುತಿಸಿದವರು ಜರ್ಮನ್ ವಿದ್ವಾಂಸ ನ್ಯೋಲ್ಡೆಕೆ. ಎಲ್ಲರೂ ಒಪ್ಪಿಲ್ಲ. ಖುಸ್ರು ತನ್ನ ಸಮರ್ಥನೆಗೆ ಹೇಳಿದ ಕಥೆಯಿದು ಎಂಬುದನ್ನೂ ಮರೆಯಬಾರದು. ಭವಿಷ್ಯ ನಿಜವಾದ ಮೇಲೆ ತಿಂಗಳು ದಿನ ಸೇರಿಕೊಂಡಿರಲೂಬಹುದು. ಆದರೆ ಆಗ ದಕ್ಷಿಣದ ಪಶ್ಚಿಮ ಕರಾವಳಿ ಯಾರ ಕೈಯಲ್ಲಿತ್ತು ಎಂದು ಕೇಳಿಕೊಳ್ಳಿ. ಪರ್ಷಿಯಾ ಕೊಲ್ಲಿಗೆ ಹಡಗು ಹೊರಡುತ್ತಿದ್ದದ್ದು ಯಾರ ಬಂದರಿನಿಂದ? ನನ್ನ ಮತ ನ್ಯೋಲ್ಡೆಕೆಗೆ!

ಅಜಂತಾದ ಒಂದನೆಯ ಗುಹೆಯ ಚಿತ್ರವನ್ನೂ ಇದಕ್ಕೆ ಸಾಕ್ಷಿ ಎಂದು ತೋರಿಸುವ ರೂಢಿಯಿದೆ. ಪುಲಕೇಶಿಯ ಸಭೆಯಲ್ಲಿ ಪರ್ಷಿಯನ್ ರಾಯಭಾರಿ ಎಂದು ಪಠ್ಯಪುಸ್ತಕಗಳಲ್ಲೂ ಅಚ್ಚಾಗಿದೆ. ಅದು ಬೇಡ. ಆ ಚಿತ್ರ ಪುಲಕೇಶಿಗಿಂತ ನೂರು ವರ್ಷಕ್ಕೂ ಹಳೆಯದು ಎನ್ನುವವರ ವಾದವೇ ಗಟ್ಟಿ. ಓಲೆಯ ಕಥೆಗೆ ಚಿತ್ರದ ಊರುಗೋಲು ಬೇಕಿಲ್ಲ.

ಕಲ್ಲಿಗೆ ಮರಳೋಣ. ಶಾಸನದಲ್ಲಿ ಪಶ್ಚಿಮ ಸಮುದ್ರದ ದೃಶ್ಯವೊಂದಿದೆ. ಕೊಂಕಣದ ಮೌರ್ಯರನ್ನು ಒರೆಸಿಹಾಕಿದ ಮೇಲೆ ಪುಲಕೇಶಿ ಪುರಿ ಎಂಬ ಬಂದರಿಗೆ ಮುತ್ತಿಗೆ ಹಾಕಿದ. ಎಷ್ಟು ನಾವೆಗಳಿಂದ? ನೂರಾರು! ಮದವೇರಿದ ಆನೆಗಳ ಹಿಂಡೇ ಕಡಲಿಗಿಳಿದಂತೆ ರವಿಕೀರ್ತಿಗೆ ಕಂಡಿವೆ. ಪೂರ್ವಕ್ಕೆ ಹೋದರೆ ಪಿಷ್ಟಪುರದ ಕೋಟೆ ಪುಡಿ. ಕುನಾಲ ಸರೋವರ, ಈಗಿನ ಆಂಧ್ರದ ಕೊಲ್ಲೇರು, ಅದರ ನೀರು ಸತ್ತವರ ರಕ್ತಕ್ಕೆ ಕೆಂಪಾಯಿತು. ಮೂರು ಮಹಾರಾಷ್ಟ್ರಕಗಳ ಒಡೆತನ ಸಿಕ್ಕಿತು. ಅವುಗಳಲ್ಲಿ ಹಳ್ಳಿಗಳೆಷ್ಟು? ಊಹಿಸುವುದು ಬೇಡ, ಸೋಲುತ್ತೀರಿ. 99,000! ಆಸ್ಥಾನ ಕವಿಯ ಲೆಕ್ಕ, ಒಂದಿಷ್ಟು ಉಪ್ಪು ಖಾರ ಇದ್ದೀತು.

ಇಷ್ಟೆಲ್ಲ ಆರ್ಭಟದ ಕೊನೆಯಲ್ಲಿ ಏನಿದೆ ಗೊತ್ತೇ? ಕೆಳಗಿನ ಸಾಲಿಗೆ ಬಗ್ಗಿ ನೋಡಿ. ಆಮೇಲೆ ಸೇರಿಸಿದ ಸಾಲು ಅದು. ಮೂಲವಳ್ಳಿ, ಪಚ್ಚನೂರು, ಗಂಗವೂರು, ಪುಳಿಗೆರೆ... ಹಳ್ಳಿಗಳ ಹೆಸರು! ಬಸದಿಗೆ ಉಂಬಳಿ ಬಿಟ್ಟ ಊರುಗಳು, ಅವುಗಳ ಮೇರೆ. ಸಮುದ್ರ, ಸಾಮ್ರಾಜ್ಯ ಎಲ್ಲ ಮುಗಿದು ಕಲ್ಲು ತಲಾಠಿಯ ದಫ್ತರಕ್ಕೆ ಬಂದು ನಿಂತಿದೆ. ನನಗಂತೂ ಈ ಸಾಲೇ ಹೆಚ್ಚು ಇಷ್ಟ.

ಈ ಕಲ್ಲನ್ನು ಆಧುನಿಕ ಜಗತ್ತಿಗೆ ಓದಿ ಕೊಟ್ಟವರಲ್ಲಿ ಮೊದಲಿಗ ಯಾರು? ಜಾನ್ ಫ್ಲೀಟ್, ಬ್ರಿಟಿಷ್ ಸರ್ಕಾರದ ಅಧಿಕಾರಿ. 1870ರ ದಶಕದಲ್ಲಿ ಇದರ ಪಾಠ ಅಚ್ಚಾಯಿತು. ಸರಿ, ಇದರಲ್ಲೇನು ಬೆರಗು? ಇದೇ ಫ್ಲೀಟ್ ಇನ್ನೊಂದು ಯುದ್ಧದ ಕವಿತೆಯನ್ನೂ ಬರೆದಿಟ್ಟುಕೊಂಡ. ಮುಧೋಳ ಸೀಮೆಯ ಹಲಗಲಿ! 1857ರಲ್ಲಿ ಸರ್ಕಾರ ಜನರ ಕೈಯ ಹತಾರ ಕಿತ್ತುಕೊಳ್ಳುವ ಕಾಯಿದೆ ತಂದಾಗ ಕೊಡೆವು ಎಂದು ತಿರುಗಿಬಿದ್ದ ಬೇಡರ ಊರು. ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ ಹಲವರು ಗಲ್ಲಿಗೇರಿದರು. ಆ ಕಥೆಯ ಲಾವಣಿಯನ್ನು 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಊರು ಸುಟ್ಟ ಸರ್ಕಾರದ್ದೇ ಅಧಿಕಾರಿ! ಗೆದ್ದವನ ಯುದ್ಧವೂ ಸೋತವರ ಯುದ್ಧವೂ ಒಬ್ಬನದೇ ಮೇಜಿನ ಮೇಲೆ. ಎರಡೂ ಇಂದಿನ ಬಾಗಲಕೋಟೆ ಜಿಲ್ಲೆಯವೇ!

ಈಗ 634ನ್ನು ಮತ್ತೆ ಕೈಗೆತ್ತಿಕೊಳ್ಳಿ. ರವಿಕೀರ್ತಿ ಜಯಗೀತೆ ಮುಗಿಸುತ್ತಿದ್ದಾನೆ. ಅದೇ ವರ್ಷ ಅರಬ್ಬಿ ಪಡೆ ಪ್ಯಾಲೆಸ್ಟೀನ್‌ನ ಅಜ್ನಾದೈನ್‌ನಲ್ಲಿ ಹೆರಾಕ್ಲಿಯಸ್‌ನ ಬೈಜಾಂಟಿಯನ್ ಸೇನೆಯನ್ನು ಸೋಲಿಸಿತು. ಅದೇ ವರ್ಷ ಉಮರ್ ಖಲೀಫರಾದರು. 26 ವರ್ಷ ಕಾದಾಡಿ ಸುಸ್ತಾಗಿದ್ದ ಎರಡು ಸಾಮ್ರಾಜ್ಯಗಳ ಮೇಲೆ ಮೂರನೆಯವರು ಎರಗಿದ್ದರು!

ಆ ಅಲೆ ನಮ್ಮ ಕರಾವಳಿಗೆ ತಲುಪಲು ಎಷ್ಟು ಕಾಲ ಹಿಡಿಯಿತು? ಐವತ್ತು ವರ್ಷ? ನೂರು? ಎರಡೇ ವರ್ಷ! 636ರ ಸುಮಾರಿಗೆ ಬಹ್ರೈನ್-ಒಮಾನ್ ಪ್ರಾಂತ್ಯದ ಅಧಿಕಾರಿ ಖಲೀಫರ ಅಪ್ಪಣೆಯಿಲ್ಲದೆ ಹಡಗುಪಡೆಯನ್ನು ಕಳಿಸಿದ. ಎಲ್ಲಿಗೆ? ಠಾಣೆಗೆ! ಮುಂಬೈ ಪಕ್ಕದ ಅದೇ ಠಾಣೆ, ಪುಲಕೇಶಿ ಗೆದ್ದ ಕೊಂಕಣದ ಠಾಣೆ! ಖಲೀಫ ಉಮರ್‌ಗೆ ಸಿಟ್ಟು ನೆತ್ತಿಗೇರಿತು, ಅವರಿಗೇನಾದರೂ ಆಗಿದ್ದರೆ ಅಷ್ಟೇ ಮಂದಿಯನ್ನು ನಿನ್ನ ಕುಲದಿಂದ ವಸೂಲು ಮಾಡುತ್ತಿದ್ದೆ ಎಂದು ಗದರಿಸಿದರು ಎಂದು ಅರಬ್ಬಿ ಚರಿತ್ರಕಾರ ಬಲಾಧುರಿ ಬರೆಯುತ್ತಾನೆ.

ಕೊನೆಯ ಇಸವಿ. ಉಸಿರು ಹಿಡಿದುಕೊಳ್ಳಿ. 642.

ಕಂಚಿಯಿಂದ ಪಲ್ಲವ ನರಸಿಂಹವರ್ಮ ಬಂದ. ವಾತಾಪಿ, ಅಂದರೆ ಬಾದಾಮಿ, ಬಿತ್ತು! ಪುಲಕೇಶಿಯ ಸುದ್ದಿ ಅಲ್ಲಿಗೆ ನಿಲ್ಲುತ್ತದೆ. ಗೆದ್ದವನು ವಾತಾಪಿಕೊಂಡ ಎಂದು ಬಿರುದು ಕಟ್ಟಿಕೊಂಡು, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿ ಹೋದ. ಈಗಲೂ ಅಲ್ಲಿದೆ, ಅರ್ಧ ಸವೆದು.

ಅದೇ 642ರಲ್ಲಿ ಪರ್ಷಿಯಾದ ನಹಾವಂದ್‌ನಲ್ಲಿ ಖುಸ್ರುವಿನ ವಂಶದವರಾದ ಸಾಸಾನಿಯರ ಕೊನೆಯ ದೊಡ್ಡ ಸೇನೆ ನೆಲಕಚ್ಚಿತು. ಅದೇ 642ರಲ್ಲಿ ಅಲೆಕ್ಸಾಂಡ್ರಿಯದಿಂದ ಬೈಜಾಂಟಿಯನ್ನರು ಗಂಟುಮೂಟೆ ಕಟ್ಟಿ ಹಡಗು ಹತ್ತಿದರು. ಒಂದೇ ವರ್ಷ!

ಖುಸ್ರುವಿನ ಮೊಮ್ಮಗ ಯಜ್ದಗರ್ದ್ ಊರೂರು ಓಡಿದ. 651ರಲ್ಲಿ ಮರ್ವ್ ಪಟ್ಟಣದ ಬಳಿ ಕೊಲೆಯಾದ. ಒಂದು ಹಿಟ್ಟಿನ ಗಿರಣಿಯಲ್ಲಿ ಎನ್ನುತ್ತವೆ ಕಥೆಗಳು. ಅವನ ಮಗ ಓಡಿಹೋಗಿ ಆಶ್ರಯ ಬೇಡಿದ್ದು ಎಲ್ಲಿ? ತಾಂಗ್ ಚೀನಾದಲ್ಲಿ! ಆ ವಂಶ ಮತ್ತೆ ಏಳಲಿಲ್ಲ.

ಚಾಲುಕ್ಯರು? ಎದ್ದರು! ಹದಿಮೂರೇ ವರ್ಷ. 655ಕ್ಕೆ ಪುಲಕೇಶಿಯ ಮಗ ವಿಕ್ರಮಾದಿತ್ಯ ಬಾದಾಮಿಯಲ್ಲಿ ಮತ್ತೆ ಸಿಂಹಾಸನದ ಮೇಲಿದ್ದ. ಎಂಟನೆಯ ಶತಮಾನದಲ್ಲಿ ಎರಡನೆಯ ವಿಕ್ರಮಾದಿತ್ಯ ಕಂಚಿಗೇ ನುಗ್ಗಿದ. ಸುಟ್ಟನೇ? ದೋಚಿದನೇ? ಇಲ್ಲ! ದೇವರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಕೈಲಾಸನಾಥ ಗುಡಿಯ ಕಂಬದ ಮೇಲೆ ಬರೆಸಿ ಬಂದ. ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಕಂಚಿಗೆ ಸೀರೆ ಕೊಳ್ಳಲು ಹೋದಾಗ ಒಂದು ಗಳಿಗೆ ಆ ಕಂಬದ ಹತ್ತಿರ ನಿಲ್ಲಿ. ಇಳಕಲ್ಲಿನವರು ಸೀರೆಗೆ ಕಂಚಿಗೆ ಹೋಗುವುದಿಲ್ಲ ಅನ್ನುತ್ತೀರೋ? ಕಂಬಕ್ಕಾದರೂ ಹೋಗಿ!

ಠಾಣೆಗೆ ಬಂದ ಹಡಗುಗಳ ಲೆಕ್ಕ ಇನ್ನೂ ಬಾಕಿ ಇದೆ. ಅದು ಚುಕ್ತಾ ಆದದ್ದು ಸುಮಾರು ನೂರು ವರ್ಷದ ಮೇಲೆ. ಸಿಂಧ್ ದೇಶವನ್ನು ಹಿಡಿದಿದ್ದ ಅರಬ್ಬರ ಸೇನೆ ಗುಜರಾತನ್ನು ತುಳಿದು ದಕ್ಷಿಣಕ್ಕಿಳಿಯಲು ನವಸಾರಿಗೆ ಬಂತು. ಎದುರಿಗೆ ನಿಂತವನು ಬಾದಾಮಿಯ ಚಾಲುಕ್ಯರ ಲಾಟ ಶಾಖೆಯ ಅರಸ. ಹಿಮ್ಮೆಟ್ಟಿಸಿದ! ಎರಡನೆಯ ವಿಕ್ರಮಾದಿತ್ಯ ಮೆಚ್ಚಿ ಅವನಿಗೆ ಬಿರುದುಗಳ ಮಳೆ ಸುರಿಸಿದ. ಹಿಂದಿರುಗದವರನ್ನು ಹಿಂದಿರುಗಿಸಿದವನು ಎಂಬುದು ಅವುಗಳಲ್ಲೊಂದು. 739ರ ನವಸಾರಿ ತಾಮ್ರಪಟದಲ್ಲಿ ಇದೆಲ್ಲ ದಾಖಲಾಗಿದೆ.

ಆ ಅರಸನ ಹೆಸರೇನು ಗೊತ್ತೇ? ಊಹಿಸಿ!

ಪುಲಕೇಶಿ!